ಕಡಲ ನೀರಿಗೆ ನಾನು ಆರಿಸಿದ ಕಾಗದ

ಮಂಗಳೂರಿನಿಂದ ಬಸ್ಸಿನಲ್ಲಿ ಹೊರಟ ಹತ್ತು ಗಾಜಿನ ಜಾಡಿಗಳಲ್ಲಿ ಹಾಸನ ಮುಟ್ಟಿದ್ದು ಎಂಟು. ಎರಡು ಶಿರಾಡಿ ಘಾಟಿಯಲ್ಲಿ ಒಡೆದವು. ಎಂಟರಲ್ಲೂ ಇದ್ದದ್ದು ಸಮುದ್ರದ ನೀರು. ಅದರ ಜೊತೆ ನಾಲ್ಕು ಕಡಲಹೂ, ಒಂದು ನಕ್ಷತ್ರಮೀನು, ಶಂಖದೊಳಗೆ ವಾಸಿಸುವ ಎರಡು ಏಡಿ ಬಂದಿದ್ದವು. ಕಡಲಹೂ ಗಿಡವಲ್ಲ, ಕಲ್ಲಿಗೆ ಅಂಟಿಕೊಂಡು, ಮೈಯ ಎಳೆಗಳನ್ನು ಹೂವಿನ ಹಾಗೆ ಬಿಚ್ಚುವ ಪ್ರಾಣಿ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗ ಮಾಡಿ ತೋರಿಸುವ ತಾತ್ಕಾಲಿಕ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಹತ್ತು ದಿನ ಇತ್ತು. ವಿಭಾಗದ ಹಿರಿಯ ಮೇಷ್ಟ್ರು ಜಾಡಿಗಳನ್ನು ಎಣಿಸಿ ನೋಡಿ ಹೇಳಿದರು: “ನಮ್ಮ ಹುಡುಗರು ಇವನ್ನ ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ. ಪರೀಕ್ಷೆಯ ದಿನದವರೆಗೆ ಉಳಿಸಿ. ನಿಮ್ಮನ್ನ ಖಾಯಂ ಮಾಡಿ ಅಂತ ನಾನೇ ಬರೀತೀನಿ.”

ನೀರು ಕೆಟ್ಟರೆ ಅದು ಮೊದಲು ಹುಳಿಯ ಕಡೆಗೆ ತಿರುಗುತ್ತದೆ, ಆಮೇಲೆ ಪ್ರಾಣಿ ಸಾಯುತ್ತದೆ. ಆದ್ದರಿಂದ ದಿನವೂ ಪರೀಕ್ಷಿಸಬೇಕಿತ್ತು. ಮೈಸೂರಿನಿಂದ ಬಂದಿದ್ದ ಪ್ರಯೋಗಾಲಯದ ಸಾಮಾನಿನ ವ್ಯಾಪಾರಿ ಮೇಜಿನ ಮೇಲೆ ಎರಡು ಬಗೆ ಇಟ್ಟ. ಒಂದು ಮರದ ಪೆಟ್ಟಿಗೆ: ಗಾಜಿನ ಕೊಳವೆಗಳು, ಬಣ್ಣದ ದ್ರಾವಣದ ಸೀಸೆ, ಹೋಲಿಸಲು ಬಣ್ಣದ ಪಟ್ಟಿ. ಇನ್ನೊಂದು ಬೆಂಕಿಪೊಟ್ಟಣದಷ್ಟು ಪುಟ್ಟ ಪುಸ್ತಕ, ಅದರ ತುಂಬ ಹಳದಿ ಕಾಗದದ ಚೀಟಿಗಳು. ಅದ್ದಿದರೆ ಬಣ್ಣ ಬದಲಾಗುತ್ತದೆ: ಹುಳಿಯ ಕಡೆಗೆ ಹಳದಿ, ಕೆಂಪು; ಕ್ಷಾರದ ಕಡೆಗೆ ಹಸಿರು, ನೀಲಿ.

“ಕಡಲ ನೀರಿಗೆ ಪೆಟ್ಟಿಗೆಯೇ ಸರಿ,” ಎಂದರು ಮೇಷ್ಟ್ರು. “ಆದರೆ ನೋಡಿಕೊಳ್ಳೋರು ನೀವು. ನೀವೇ ಆರಿಸಿ.”

ನಾನು ಪುಸ್ತಕ ಆರಿಸಿದೆ. ಪೆಟ್ಟಿಗೆಯ ಪರೀಕ್ಷೆಗೆ ಪ್ರತಿ ಸಲವೂ ಒಂದು ಕೊಳವೆ ನೀರು ಬೇಕು, ಬಣ್ಣ ಹಾಕಿದ ಮೇಲೆ ಅದನ್ನು ಚೆಲ್ಲಬೇಕು. ಘಾಟಿ ಹತ್ತಿ ಬಂದ ನೀರನ್ನು ಬಚ್ಚಲಿಗೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಅದೇ ಜಿಪುಣತನದಿಂದ ಒಂದೊಂದು ಚೀಟಿಯನ್ನೂ ಎರಡಾಗಿ ಹರಿದು ಬಳಸಿದೆ.

ಪ್ರಯೋಗಾಲಯಕ್ಕೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಹನಿ ತೊಟ್ಟಿಗೆ ಬೀಳಬಾರದೆಂದು ಗಾಜಿನ ತೊಟ್ಟಿಯನ್ನು ನನ್ನ ಬಾಡಿಗೆ ಮನೆಗೆ ಸಾಗಿಸಿದೆವು. ಆರು ಜಾಡಿ ನೀರು ತೊಟ್ಟಿಗೆ, ಎರಡು ಜಾಡಿ ಮೀಸಲು. ಗಾಳಿಗೆ ಲಾರಿಯ ಟ್ಯೂಬು. ಕಾಲೇಜಿನ ಅಟೆಂಡರ್ ಬೆಳಿಗ್ಗೆ ಬಂದು ಸೈಕಲ್ ಪಂಪಿನಿಂದ ಅದನ್ನು ಊದಿಸಿ ಹೋಗುತ್ತಿದ್ದ. ಸಣ್ಣ ರಬ್ಬರ್ ನಳಿಕೆಯಲ್ಲಿ ದಿನವಿಡೀ ಗುಳ್ಳೆ ಏಳುತ್ತಿದ್ದವು. ಅಟೆಂಡರ್ ಅರಕಲಗೂಡಿನ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು.

ಮನೆಯಲ್ಲಿ ನನ್ನ ಜೊತೆ ಇದ್ದವರು ಬಾಗೂರಿನ ಸೋದರತ್ತೆ. ಹಲ್ಲಿರಲಿಲ್ಲ. ಬೆಳಗಿನ ರೊಟ್ಟಿ ಮುಗಿದ ಮೇಲೆ ಅವರಿಗೆ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಕುಟ್ಟಿ ಕೊಡುವುದು ನನ್ನ ಕೆಲಸ. ಬೆರಳಿನ ಸುಣ್ಣವನ್ನು ನಡುಮನೆಯ ಕಂಬಕ್ಕೆ ಒರೆಸುತ್ತಿದ್ದೆ. ಕಂಬದ ಮೇಲಿನ ಬಿಳಿ ಗೀರುಗಳಿಗೆ ಲೆಕ್ಕವಿರಲಿಲ್ಲ. ಅದಾದ ಮೇಲೆ ತೊಟ್ಟಿಯ ಬಳಿ ಹೋಗಿ ಅರ್ಧ ಚೀಟಿ ಅದ್ದುತ್ತಿದ್ದೆ.

ಕಡಲ ನೀರಿಗೆ ಬರಬೇಕಾದದ್ದು ನೀಲಿ ಬೆರೆತ ಹಸಿರು. ನನಗೆ ಬಂದದ್ದು ನೀಲಿ. ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು. ಹುಳಿಯಿಂದ ದೂರವಿದೆ, ಒಳ್ಳೆಯದೇ ಎಂದುಕೊಂಡೆ. ರಿಜಿಸ್ಟರಿನಲ್ಲಿ ‘ನೀರು ಸರಿಯಾಗಿದೆ’ ಎಂದು ಬರೆದೆ. ಏಳು ದಿನ ಹಾಗೆಯೇ ಬರೆದೆ.

ಐದನೆಯ ದಿನ ಎರಡು ಕಡಲಹೂ ಮುದುಡಿದವು. ಆರನೆಯ ದಿನ ಮೂರನೆಯದೂ ಮುದುಡಿತು. ಒಂದು ಏಡಿ ಕಾಣಲಿಲ್ಲ; ಕಲ್ಲಿನ ಹಿಂದೆ ಅಡಗಿರಬೇಕೆಂದು ಬಿಟ್ಟೆ. ನೀರಿನಿಂದ ವಾಸನೆ ಏಳತೊಡಗಿತ್ತು. ಕಾಗದ ಮಾತ್ರ ನೀಲಿ. ನಾನು ಕಾಗದವನ್ನು ನಂಬಿದೆ.

ಎಂಟನೆಯ ದಿನ ಬೆಳಿಗ್ಗೆ ನಾನು ಎಲೆಗೆ ಸುಣ್ಣ ಹಚ್ಚುತ್ತಿರುವಾಗ ಅಟೆಂಡರ್ ಟ್ಯೂಬು ಊದಿಸಿ ಮುಗಿಸಿದ್ದ. ಚೀಟಿ ಅದ್ದಲು ಅವನಿಗೆ ಹೇಳಿದೆ. ಅವನು ಎತ್ತಿ ತೋರಿಸಿದ ಚೀಟಿಯಲ್ಲಿ ನೀಲಿಯ ಸುಳಿವಿರಲಿಲ್ಲ. ಹಳದಿ ತಿರುಗಿದ ಹಸಿರು.

“ಸರಿಯಾಗಿ ಅದ್ದಿಲ್ಲ ನೀನು,” ಎಂದು ಎದ್ದು, ಕಂಬಕ್ಕೆ ಬೆರಳು ಒರೆಸಿ ಬಂದು ನಾನೇ ಅದ್ದಿದೆ. ನೀಲಿ.

“ಇದೇನ್ ಸಾ,” ಎಂದ ಅವನು. “ನೀರೂ ಆಳ್ ನೋಡಿ ಬಣ್ಣ ಕೊಡ್ತದಾ? ನಾನ್ ಅಟೆಂಡ್ರು ಅಂತ ಗೊತ್ತಾಗೋಯ್ತಾ ಅದ್ಕೆ?”

ನನಗೆ ನಗು ಬರಲಿಲ್ಲ. ಇನ್ನೊಂದು ಚೀಟಿ ಅವನು ಅದ್ದಿದ, ಇನ್ನೊಂದು ನಾನು. ಮತ್ತೆ ಹಾಗೆಯೇ. ಕುಟ್ಟಿದ ಎಲೆಗಾಗಿ ಕಾದು ಬೇಸತ್ತ ಅತ್ತೆ ಒಳಗಿನಿಂದ ಬಂದರು. ಇಬ್ಬರ ಕೈಯನ್ನೂ ನೋಡಿದರು.

“ಬೆಳ್ಳು ತೋರ್ಸ್ಲಾ,” ಎಂದರು ನನ್ನ ತೋರುಬೆರಳಿನ ಕಡೆ ನೋಡಿ.

“ಒರೆಸಿದೀನಿ ಅತ್ತೆ.”

“ಕಂಬಕ್ ಒರೆಸ್ಬುಟ್ರೆ ಓಯ್ತದೇನ್ಲಾ? ಇರು ಅಂಗೇ.” ಅಡುಗೆಮನೆಯಿಂದ ಅರಿಶಿನ ಕಲಸಿಕೊಂಡು ಬಂದು ನನ್ನ ತೋರುಬೆರಳಿಗೆ ಹಚ್ಚಿದರು. ಹಳದಿ ಅಲ್ಲೇ ಕೆಂಪಾಯಿತು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು. ಅಟೆಂಡರನ ಬೆರಳಿಗೆ ಹಚ್ಚಿದರು. ಹಳದಿಯಾಗಿಯೇ ಉಳಿಯಿತು.

“ಆರತಿ ನೀರ್ ಕಲ್ಸೋ ಎಂಗ್ಸೂನ್ ಕೇಳಿದ್ರೆ ಏಳೋಳು ಕಣ. ಅರಿಶ್ನಕ್ಕೆ ಸುಣ್ಣ ಬಿದ್ರೆ ಕೆಂಪು. ನಿನ್ ಕಾಗ್ದ ನೀರ್ನಲ್ಲ ನೋಡಿದ್ದು, ನಿನ್ ಬೆಳ್ನ.”

ಅರ್ಧ ಚೀಟಿ ಬಹಳ ಚಿಕ್ಕದು. ಅದ್ದುವಾಗ ನನ್ನ ಬೆರಳೂ ನೀರಿಗೆ ತಾಕುತ್ತಿತ್ತು, ಉಗುರಿನ ಸುಣ್ಣ ಕಾಗದಕ್ಕೆ ಇಳಿದು ಅದನ್ನು ನೀಲಿ ಮಾಡುತ್ತಿತ್ತು. ಏಳು ದಿನ ನಾನು ಅಳೆದದ್ದು ಅದನ್ನೇ.

ಕೈ ತೊಳೆದು ಕಲ್ಲು ಎತ್ತಿದೆ. ಕಾಣದ ಏಡಿ ಅಲ್ಲಿತ್ತು, ಕೊಳೆತು. ನಕ್ಷತ್ರಮೀನನ್ನು ಮುಟ್ಟಿದರೆ ತೋಳು ಕಳಚಿ ಬಂತು. ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿ ತೊಳೆದು, ಮೀಸಲಿನ ಎರಡು ಜಾಡಿ ಸುರಿದೆವು. ನೀರು ನಾಲ್ಕು ಬೆರಳೂ ಆಗಲಿಲ್ಲ. ಉಳಿದ ಏಡಿಯನ್ನೂ ನಾಲ್ಕು ಕಡಲಹೂಗಳನ್ನೂ ಅದರಲ್ಲಿಟ್ಟೆ. ಇನ್ನು ಬದಲಿಸಲು ನೀರಿರಲಿಲ್ಲ.

ಆಮೇಲೆ ರಿಜಿಸ್ಟರು ತೆಗೆದೆ. ಏಳು ದಿನದ ಬರಹದ ಪಕ್ಕದಲ್ಲಿ ‘ತಪ್ಪು. ಬೆರಳಿನಲ್ಲಿ ಎಲೆ ಸುಣ್ಣವಿತ್ತು’ ಎಂದು ಏಳು ಸಲ ಬರೆದೆ. ಬರೆಯದೆ ಇರಬಹುದಿತ್ತು. ಅಟೆಂಡರ್ ಅದನ್ನೇ ಹೇಳಿದ: “ಬುಡಿ ಸಾ, ಬಸ್ಸಲ್ಲಿ ಕುಲುಕಿ ಸತ್ತೋದೋ ಅಂದ್ರೆ ಆಯ್ತದೆ.” ಆ ಮಾತು ನನಗೆ ಹಿತವಾಗಿ ಕೇಳಿಸಿತು. ಅದಕ್ಕೇ ಹೆದರಿ ಬೇಗ ಬರೆದು ಮುಗಿಸಿದೆ.

ಪರೀಕ್ಷೆಯ ದಿನ ತೊಟ್ಟಿಯನ್ನು ಮತ್ತೆ ಕಾಲೇಜಿಗೆ ಒಯ್ದಾಗ ಒಂದು ಕಡಲಹೂ ಮಾತ್ರ ಬದುಕಿತ್ತು. ಬೆಳಿಗ್ಗೆಯೆಲ್ಲ ಅಂಗಿಯ ಗುಂಡಿಯ ಹಾಗೆ ಮುಚ್ಚಿಕೊಂಡಿತ್ತು. ಎರಡನೆಯ ತಂಡದ ಹುಡುಗರು ಬರುವ ಹೊತ್ತಿಗೆ ನಿಧಾನವಾಗಿ ಬಿಚ್ಚಿತು. ಅವರು ಪೆನ್ಸಿಲು ಹಿಡಿದುಕೊಂಡು ಚಿತ್ರ ಬರೆಯುವುದನ್ನು ಮರೆತು ನಿಂತಿದ್ದರು.

ಮೇಷ್ಟ್ರು ಆ ಸಂಜೆ ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೆ ಓದಿದರು. “ಖಾಯಂ ಮಾಡಿ ಅಂತ ಈ ವರ್ಷ ನಾನು ಬರೆಯೋಕಾಗಲ್ಲ,” ಎಂದರು. ಆಮೇಲೆ, “ಇದನ್ನ ಮಾತ್ರ ಹರಿಯಬೇಡಿ. ಮುಂದೆ ಬರೋರು ಓದಲಿ,” ಎಂದು ರಿಜಿಸ್ಟರನ್ನು ಬೀರುವಿನಲ್ಲಿಟ್ಟರು.

ಜೂನ್‌ನಲ್ಲಿ ನಾನು ಹೊಳೆನರಸೀಪುರದ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಹೋದೆ. ಅತ್ತೆಯೂ ಜೊತೆಗೆ ಬಂದರು. ಅಲ್ಲಿ ಅವರ ಎಲೆಗೆ ಸುಣ್ಣ ಹಚ್ಚಲು ಒಂದು ಕಡ್ಡಿ ಕೆತ್ತಿಟ್ಟುಕೊಂಡೆ. ಬೆರಳಲ್ಲಿ ಹಚ್ಚಿದಷ್ಟು ಹದ ಬರುವುದಿಲ್ಲ ಎಂದು ಅವರು ದಿನವೂ ಗೊಣಗುತ್ತಿದ್ದರು.