ಗೋಳಿನ ಚನ್ನಬಸಣ್ಣ

"ಹೇಗಿದ್ದೀರಿ?" ಎಂದು ಕೇಳಿದರೆ ಪಾಳ್ಯದ ಚನ್ನಬಸಣ್ಣ ನಿಜ ಹೇಳಿಬಿಡುತ್ತಿದ್ದರು. ಮಂಡಿನೋವಿನಿಂದ ಶುರುವಾದರೆ ಹುಳಿತೇಗು, ಅರ್ಧಕ್ಕೇ ಸಿಕ್ಕಿಕೊಳ್ಳುವ ಅಂಗಡಿಯ ಶಟರ್, ಮಾತಾಡಿಸದೆ ಹೋದ ಬೀಗರು, ಎಲ್ಲ ಬರುತ್ತಿತ್ತು. ಹೀಗಾಗಿ ಗೊತ್ತಿದ್ದವರು ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. "ಊಟ ಆಯ್ತಾ?" ಎಂದು ದೂರದಿಂದಲೇ ಕೂಗಿ ಜಾಗ ಖಾಲಿ ಮಾಡುತ್ತಿದ್ದರು.

ಕೇಳುವವರಿಲ್ಲದೆ ಹೋದಾಗ ಅವರು ಚಿತ್ರಕಥೆ ಕಟ್ಟತೊಡಗಿದರು. ರಾಜರು ರಾಕ್ಷಸರದ್ದಲ್ಲ, ತಮ್ಮದೇ ಬದುಕಿನದು. ತಮ್ಮ ಗೊಬ್ಬರದಂಗಡಿಯ ಬಿಲ್ಲಿನ ಹಿಂದೆ ಚೌಕ ಎಳೆದು, ಕಡ್ಡಿ ಮನುಷ್ಯರನ್ನು ನಿಲ್ಲಿಸಿ, ಮಾತು ತುಂಬಿಕೊಂಡು ಆಲೂರಿಗೆ ನನ್ನ ಹತ್ತಿರ ಬರುತ್ತಿದ್ದರು. ನಾನು ಬೋರ್ಡು, ನಂಬರ್ ಪ್ಲೇಟು ಬರೆಯುವ ಪೇಂಟರ್. ಅವರ ಚೌಕಗಳಿಗೆ ಚಿತ್ರ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಮೊದಲ ದಿನವೇ, "ನನ್ ಮೂಗು ದಪ್ಪ ಐತೆ, ದಪ್ಪಗೇ ಬರಿ ಮಾರಾಯ. ಚಂದ ಮಾಡಕ್ಕೆ ಹೋಗ್ಬೇಡ" ಎಂದಿದ್ದರು. ಪುಸ್ತಕದ ಹೆಸರು 'ನನ್ನ ಗೋಳು'. ಮೊದಲು ಜೆರಾಕ್ಸ್, ಆಮೇಲೆ ಹಾಸನದಲ್ಲಿ ಅಚ್ಚು. ಆ ಮೂಗು ಬರೆದು ಬರೆದು ನನಗೆ ಸಾಕುಸಾಕಾಗಿ ಹೋಗಿತ್ತು.

ಅದರಲ್ಲಿ ನಡೆಯುವುದಾದರೂ ಏನು? ಕಾದ ಬಸ್ಸು ನಿಲ್ಲದೆ ಹೋಗುವುದು, ಹೊಸ ಚಪ್ಪಲಿ ಕಚ್ಚುವುದು. ಒಮ್ಮೆ ಹೊಂಗಡಹಳ್ಳದ ಮದುವೆಯೂಟದ ಕಥೆಗೆ ನಾನು ಅವರ ಎಲೆಯ ಮೇಲೆ ಒಂದು ಹೋಳಿಗೆ ಬರೆದುಬಿಟ್ಟೆ. ಚನ್ನಬಸಣ್ಣ ಕೆರಳಿ ಕೆಂಡವಾದರು. "ನಂಗೆ ಹೋಳಿಗೆ ಬರ್ಲಿಲ್ಲ ಕಣೋ! ನನ್ ಪಂಕ್ತಿಗೆ ಬರೋ ಹೊತ್ಗೆ ಮುಗುದೋಗ್ಬುಡ್ತು. ಅದುಕ್ಕೇ ಅಲ್ವಾ ಈ ಕಥೆ?" ಪುಟ ಪೂರ್ತಿ ಹೊಸದಾಗಿ ಬರೆಸಿದರು. ಅಂಗಿಯ ಗುಂಡಿ ಒಂದು ಹೆಚ್ಚಾದರೂ ಅವರು ಬಿಡುವ ಆಸಾಮಿಯಲ್ಲ.

ಇಂಥದ್ದಕ್ಕೂ ಓದುಗರು ಹುಟ್ಟಿಕೊಂಡರು. ಓದದೆ ಉಳಿದವರು ಅವರ ಹೆಂಡತಿ ಗಿರಿಜಕ್ಕ ಒಬ್ಬರೇ. "ಮನೇಲಿ ದಿನಾ ಕೇಳೋದ್ನ ಅಚ್ಚಾಕ್ಸಿ ಬ್ಯಾರೆ ಓದ್ಬೇಕಾ ಪೇಂಟ್ರಣ್ಣ?" ಎನ್ನುತ್ತಿದ್ದರು. ಅವರದು ತಪ್ಪು ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಚನ್ನಬಸಣ್ಣ ಹೋಗಿಬಿಟ್ಟರು. ಎದೆನೋವು ಎಂದರೂ ಮನೆಯವರು ಮೊದಲಿಗೆ ನಂಬಲಿಲ್ಲ, ಪಾಪ, ದಿನಕ್ಕೊಂದು ನೋವು ಕೇಳಿದವರು. ಸುದ್ದಿ ಮೊಬೈಲಿನಲ್ಲಿ ಹರಡಿ ಮಧ್ಯಾಹ್ನದೊಳಗೆ ಸಕಲೇಶಪುರ, ಹಾಸನ, ಮಂಗಳೂರಿನಿಂದೆಲ್ಲ ಜನ ಬಂದರು. ವಿಭೂತಿ ಹಚ್ಚಿ ಕೂರಿಸಿದ್ದ ದೇಹವನ್ನು ನೋಡಿ ಒಬ್ಬ ಹುಡುಗಿ "ಮೂಗು ಹಾಗೇ ಇದೆ" ಎಂದು ಬಿಕ್ಕಿದಳು. ವನಗೂರಿನ ಜೀಪ್ ಡ್ರೈವರ್ ಒಬ್ಬ, "ನನ್ ಜೀಪ್ ಕೆಟ್ಟು ನಿಂತಾಗ್ಲೆಲ್ಲ ಇವ್ರು ನೆಪ್ಪಾಗೋರು ಕಣ್ರೀ. ನಂಗೊಬ್ನಿಗೇ ಅಲ್ವಲ್ಲ ಹಿಂಗಾಗೋದು ಅಂತ ಸಮಾಧಾನ" ಎಂದ. ಹೂವಿನ ಜೊತೆ ಜಗಲಿಯ ಮೇಲೆ ಪುಸ್ತಕಗಳನ್ನೂ ಇಟ್ಟರು.

ಬಂದವರಲ್ಲಿ ಹಲವರು ಗಿರಿಜಕ್ಕನ ಕೈ ಹಿಡಿದು ಒಂದೇ ಮಾತು ಹೇಳಿದರು: ಆಸ್ಪತ್ರೆ ಬೆಂಚಿನ ಪುಟ ನೋಡಿ ನಾವೂ ಅತ್ತಿದ್ದೆವು ಅಮ್ಮ. ಗಿರಿಜಕ್ಕ ಎಲ್ಲರಿಗೂ ಸುಮ್ಮನೆ ತಲೆಯಾಡಿಸಿದರು.

ಮಣ್ಣು ಮುಗಿದು ಜನ ಚದುರಿದ ಮೇಲೆ, ಸಂಜೆ, ಗಿರಿಜಕ್ಕ ನನ್ನನ್ನು ಕರೆದರು. "ಯಾವ ಬೆಂಚು ಪೇಂಟ್ರಣ್ಣ?"

ಅವರಿಗೆ ಗರ್ಭಕೋಶದ ಆಪರೇಷನ್ ಆದ ದಿನದ ಕಥೆ ಅದು. ನಾನು ಹೇಳಿದೆ. ಅವರ ಮುಖ ಗಂಟಾಯಿತು.

"ಅವತ್ತು ನಾನ್ ಕಣ್ಬುಟ್ಟಾಗ ಪಕ್ದಲ್ಲೇ ಇರ್ಲಿಲ್ಲ ಮನುಷ್ಯ. ಎಷ್ಟೋ ಹೊತ್ತಾದ್ಮೇಲೆ ಬಂದು ಕ್ಯಾಂಟೀನ್ ಕಾಫಿ ಕಲಗಚ್ಚು ಇದ್ದಂಗೈತೆ ಅಂದ್ರು. ನಾನ್ ಸಾಯ್ತಿದ್ರೆ ಇವ್ರು ಕಾಫಿ ಕುಡಿಯಕ್ಕೋಗಿದ್ರಲ್ಲ ಅಂತ ಇವತ್ತಿನ್ವರ್ಗೂ ಹೊಟ್ಟೇಲಿಟ್ಕೊಂಡಿದೀನಿ."

ಜಗಲಿಯ ಪುಸ್ತಕಗಳಲ್ಲಿ ಹುಡುಕಿ ಆ ಪುಟ ತೆರೆದುಕೊಟ್ಟೆ. ಉದ್ದನೆಯ ಬೆಂಚು, ಒಬ್ಬನೇ ಮನುಷ್ಯ, ಟವೆಲ್ಲಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಾನೆ. ಮಾತಿಲ್ಲ.

"ಇದು ನಿಜವಾ? ಇಲ್ಲ ನೀವೇ ಕಟ್ಟಿ ಬರ್ದಿದ್ದಾ?"

ನನಗೆ ಸುಳ್ಳು ಹೇಳಲು ಆಗಲಿಲ್ಲ. ಚನ್ನಬಸಣ್ಣ ತಂದ ಚೌಕದಲ್ಲಿ ಒಂದು ಬೆಂಚು, ಒಬ್ಬ ಕಡ್ಡಿ ಮನುಷ್ಯ, ಇಷ್ಟೇ ಇತ್ತು. "ಅಳೋ ಹಾಗೆ ಬರೆದದ್ದು ನಾನೇ ಅಕ್ಕ" ಎಂದೆ. "ಅವರು ತುಂಬಾ ಹೊತ್ತು ನೋಡಿದರು. ಬೈತಾರೆ ಅಂತಲೇ ಕಾದಿದ್ದೆ. 'ಕಾಲಲ್ಲಿ ಚಪ್ಲಿ ಇರ್ಲಿಲ್ಲ, ಬಾಗ್ಲತ್ರ ಬುಟ್ಟಿದ್ದೆ, ಅದೊಂದು ತೆಗಿ' ಅಂದ್ರು. ಬೇರೇನೂ ತೆಗೆಸಲಿಲ್ಲ."

ಗಿರಿಜಕ್ಕ ಪುಟದ ಮೇಲೆ ಬಗ್ಗಿ ಆ ಬರಿಗಾಲನ್ನೇ ನೋಡುತ್ತ ಕೂತರು. ನನಗೆ ದುಃಖ ಒತ್ತರಿಸಿ ಬಂತು. ಬೆಳಗಿನಿಂದ ಓಡಾಡಿದ ದಣಿವಿಗೆ ತಡೆಯಲೂ ಆಗಲಿಲ್ಲ. ಅವರು ಮಾತ್ರ ಅಳಲಿಲ್ಲ. ಕತ್ತಲಾಗುತ್ತಿತ್ತು, ಹೊರಡಬೇಕಾಗಿತ್ತು. ಪುಸ್ತಕ ತೆಗೆದಿಡಲೆಂದು ಕೈ ಚಾಚಿದರೆ ಕೊಡಲಿಲ್ಲ.

"ಊರೋರ್ಗೆಲ್ಲ ಹೇಳೌರೆ" ಎಂದರು, ಸಿಟ್ಟಿನಿಂದ. "ನಂಗೊಬ್ಳಿಗೆ ಹೇಳಕ್ಕೆ ಏನಾಗಿತ್ತು ಇವ್ರಿಗೆ?"