ಗೋಡೆಯಾಚೆ ಎಸೆದ ಗರಿಕೆ

ಪಾರ್ಕಿನಲ್ಲಿ ಎಲ್ಲರೂ ಅವಳನ್ನು ಗರಿಕಕ್ಕ ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದ ಗರಿಕೆ ಬೆಳೆಸಿ ಪಡೆದ ಹೆಸರಲ್ಲ ಅದು. ಇಪ್ಪತ್ತೆರಡು ವರ್ಷದಿಂದ ಗರಿಕೆ ಕೀಳುವುದೇ ಅವಳ ಕೆಲಸ. ದೂರದಿಂದ ತರಿಸಿ ಹಾಸಿದ ನಾಜೂಕು ಹುಲ್ಲಿನ ನಡುವೆ ಈ ಮಣ್ಣಿನದೇ ಹುಲ್ಲು ತಲೆ ಎತ್ತಬಾರದು, ಅಷ್ಟೇ. ಬೆಳಗ್ಗೆ ನೀರು ಬಿಟ್ಟು ನೆಲ ಮೆತ್ತಗಾದ ಮೇಲೆ ಮೋಟು ಮಣೆ ಹಾಕಿಕೊಂಡು ಕೂತಳೆಂದರೆ, ಕೂತಲ್ಲೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಕೈಗೆ ಸಿಕ್ಕ ಕುಡಿಯ ಬುಡ ಸಿಗುವ ತನಕ ಬಿಡುತ್ತಿರಲಿಲ್ಲ. ಆ ಕೆಲಸದಲ್ಲಿ ಅವಳದು ಎತ್ತಿದ ಕೈ. ಹೊಸಬರು ಗುದ್ದಲಿ ಹಿಡಿದು ಬಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಕೊಚ್ಚಬೇಡ್ರೋ! ಒಂದಿದ್ದಿದ್ದನ್ನ ಹತ್ತು ಮಾಡ್ತಿದೀರ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತೆ ಅದು."

ಇಷ್ಟೆಲ್ಲ ತಿಳಿದವಳು ತಾನೇ ಒಂದು ತಪ್ಪು ಮಾಡುತ್ತಿದ್ದಳು. ಕಿತ್ತ ಗರಿಕೆಯನ್ನು ಒಣಗಿಸಿ ಸುಡಬೇಕೆಂಬುದು ನಿಯಮ. ಸುಡುವ ಗುಂಡಿ ಪಾರ್ಕಿನ ಆ ತುದಿಗೆ, ಹಿಂಗೋಡೆ ಈ ಪಕ್ಕದಲ್ಲೇ. ಮಂಡಿ ನೋಯುವ ಹೆಂಗಸು ಏನು ಮಾಡಿಯಾಳು? ದಿನಾ ಹಸಿ ಗರಿಕೆಯ ಬುಟ್ಟಿಯನ್ನು ಗೋಡೆಯಾಚೆ ಬೋರಲು ಹಾಕಿ ಕೈ ಕೊಡವಿಕೊಳ್ಳುತ್ತಿದ್ದಳು.

ಗೋಡೆಯಾಚೆ ಕಡಿದಾದ ಮಣ್ಣಿನ ಇಳಿಜಾರು. ಇಳಿಜಾರಿನ ಬುಡದಲ್ಲಿ ಅವಳ ಒಡಹುಟ್ಟಿದ ತಂಗಿಯ ಮನೆ. ತಂಗಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆಯಷ್ಟೇ ಮಾತೂ ಬಿರುಸು. ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ದಿನಕ್ಕೊಮ್ಮೆ ಕೂಗದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಅಕ್ಕಾ! ನಿಮ್ಮ ಪಾರ್ಕಿನ ಕಸ ಸುರಿಯೋಕೆ ನನ್ನ ತಲೇನೇ ಸಿಕ್ಕಿತಾ ನಿಂಗೆ?"

ಗರಿಕಕ್ಕ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹಿಂದೆಲ್ಲ ಪ್ರತಿ ಮಳೆಗಾಲದಲ್ಲೂ ಇಳಿಜಾರಿನ ಕೆಸರು ತಂಗಿಯ ಒಲೆಯವರೆಗೂ ಬರುತ್ತಿತ್ತು. ಬರಬರುತ್ತ ನಿಂತಿತು. ತನ್ನ ಗಂಡ ಹೊಸ್ತಿಲು ಎತ್ತರಿಸಿದ್ದರಿಂದಲೇ ನಿಂತಿತು ಎಂದು ತಂಗಿ ಬೀಗುತ್ತಿದ್ದಳು. ಎಂಟು ವರ್ಷದ ಹಿಂದೆ ಒಂದು ದೊಡ್ಡ ಮಳೆಗೆ ಪಕ್ಕದ ಮನೆಯ ಹಿಂದಿನ ಬೋಳು ದಿಬ್ಬ ಜಾರಿ ಬಂದು ಬಚ್ಚಲುಮನೆಯನ್ನೇ ಮುಚ್ಚಿಹಾಕಿತು. ತಂಗಿಯ ಮನೆಯ ಹಿಂದಿನ ದಿಬ್ಬದಲ್ಲಿ ಒಂದು ಹೆಂಟೆಯೂ ಅಲುಗಿರಲಿಲ್ಲ. ಅಂದು ಗರಿಕಕ್ಕ ಅಲ್ಲಿಗೆ ಇಳಿದು, ತಾನೇ ಎಸೆದು ಬೇರೂರಿದ್ದ ಗರಿಕೆಯ ಒಂದು ಎಳೆ ಹಿಡಿದು ಜಗ್ಗಿದಳು. ಇಷ್ಟು ವರ್ಷ ಕಿತ್ತ ಕೈಗೆ ಅದು ಜಪ್ಪಯ್ಯ ಅನ್ನಲಿಲ್ಲ. ಮಣ್ಣು ಹಿಡಿದಿರುವುದು ಈ ಗರಿಕೆಯೇ ಎಂದು ತಂಗಿಗೆ ಹೇಳಿದಳು, ತಂಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹೇಳುವ ಗೋಜಿಗೆ ಹೋಗಲಿಲ್ಲ. ಆದರೆ ಅಂದಿನಿಂದ ಬೋಳಾಗಿ ಕಂಡ ಜಾಗಕ್ಕೇ ಗುರಿಯಿಟ್ಟು ಎಸೆಯುತ್ತಿದ್ದಳು, ಬೈಗುಳ ತಿನ್ನುತ್ತಲೇ.

ಈ ವರ್ಷ ಮಳೆಗಾಲಕ್ಕೆ ಇನ್ನೊಂದು ವಾರ ಇರುವಾಗ ತಂಗಿ ಸುಮ್ಮನಿರಲಾರದೆ ಪಾರ್ಕಿನ ಆಫೀಸಿಗೆ ಅರ್ಜಿ ಬರೆದುಕೊಟ್ಟಳು: ಹಿಂದಿನ ಹುಲ್ಲಿನಲ್ಲಿ ಹಾವು ಸೇರುತ್ತಿವೆ, ಬೇರುಸಹಿತ ತೆಗೆಸಿಕೊಡಿ. ಸಾಲದ್ದಕ್ಕೆ ಹಿಂಬಾಗಿಲ ಎದುರಿಗೆ ಇಳಿಜಾರಿನ ಒಂದು ಪಟ್ಟಿಯನ್ನು ತಾನೇ ಕೆತ್ತಿ ಬೋಳಿಸಿದ್ದಳು. ಹೊಸದಾಗಿ ಬಂದಿದ್ದ ಸೂಪರ್‌ವೈಸರ್ ಚುರುಕಿನ ಆಸಾಮಿ. ಕಳೆನಾಶಕದ ಕ್ಯಾನನ್ನು ತಂದು ಗರಿಕಕ್ಕನ ಮುಂದೆಯೇ ಇಟ್ಟ.

"ಇವತ್ತೇ ಇಳಿಜಾರಿಗೆಲ್ಲ ಹೊಡೆದುಬಿಡಿ."

"ಹೊಡೆಯಲ್ಲ ಸಾರ್."

ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ 'ಇಲ್ಲ' ಅದು.

"ಇದೇನಮ್ಮಾ? ಜನ್ಮವೆಲ್ಲ ಅದನ್ನೇ ಕಿತ್ತವರು ನೀವು!"

"ಕಿತ್ತಿದ್ದಕ್ಕೇ ಗೊತ್ತು ಸಾರ್, ಅದರ ಹಿಡಿತ ಎಂಥದ್ದು ಅಂತ. ಎರಡು ಬಕೆಟ್ ನೀರು ತಗೊಂಡು ನನ್ನ ಜೊತೆ ಬನ್ನಿ. ಆಮೇಲೆ ನೀವು ಏನು ಹೇಳಿದ್ರೂ ಸರಿ."

ಹಿಂಬಾಗಿಲಲ್ಲಿ ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಆಗಷ್ಟೇ ನೆಲ ಒರೆಸಿ. ಗರಿಕಕ್ಕ ಹೇಳಿದಂತೆ ಸೂಪರ್‌ವೈಸರ್ ಗೋಡೆಯ ಬುಡದಲ್ಲಿ ನಿಂತು ಮೊದಲ ಬಕೆಟ್ಟನ್ನು ಹುಲ್ಲಿನ ಮೇಲೆ ಸುರಿದ. ನೀರು ಎಳೆಗಳ ನಡುವೆ ಇಂಗುತ್ತ, ಉಳಿದ ಚೂರುಪಾರು ತಿಳಿಯಾಗಿ ಕೆಳಗಿಳಿದು ಹೊಸ್ತಿಲಿನಾಚೆಯೇ ನಿಂತಿತು. ಎರಡನೆಯದನ್ನು ತಂಗಿ ಬೋಳಿಸಿದ ಪಟ್ಟಿಯ ಮೇಲೆ ಸುರಿದ. ಕೆಂಪು ಕೆಸರು ಕಲ್ಲುಮಣ್ಣು ಎಳೆದುಕೊಂಡು ಬುಸಬುಸ ಇಳಿದು, ಹೊಸ್ತಿಲು ಹಾರಿ, ತಂಗಿಯ ಪಾದ ಮುಳುಗಿಸಿ ಒರೆಸಿದ ನೆಲದ ಮೇಲೆಲ್ಲ ಹರಡಿಕೊಂಡಿತು.

"ಹಾಗಾದ್ರೆ... ನಮ್ಮನೆಯವರು ಎತ್ತರಿಸಿದ ಹೊಸ್ತಿಲು?" ಎಂದಳು ತಂಗಿ, ಕೆಸರಿನಿಂದ ಕಾಲೆತ್ತುತ್ತ.

"ಚೆನ್ನಾಗೇ ಇದೆ ಕಣೇ. ಎಡವೋದಕ್ಕೆ."

ಸೂಪರ್‌ವೈಸರ್ ನಗು ತಡೆಯಲಾರದೆ ಆಚೆ ತಿರುಗಿದ. "ಒಂದು ಬಕೆಟ್ಟಿಗೇ ಹೀಗಾದ್ರೆ ಮಳೆಗೆ ಮನೇನೇ ಇರ್ತಿರಲಿಲ್ಲ. ಇದನ್ನೆಲ್ಲ ಯೋಚನೆ ಮಾಡೇ ಬೆಳೆಸಿದ್ರಾ ಅಮ್ಮಾ?"

ಹೌದು ಎಂದಿದ್ದರೆ ನಂಬುತ್ತಿದ್ದ. ಗರಿಕಕ್ಕನಿಗೆ ಆ ಆಸೆಯೇನೂ ಇರಲಿಲ್ಲ.

"ಮೊದಮೊದಲು ಸೋಮಾರಿತನಕ್ಕೆ ಎಸೆದೆ ಸಾರ್. ಆಮೇಲೆ ಇವಳು ಚೆನ್ನಾಗಿರಲಿ ಅಂತ ಎಸೆದೆ. ಬೈಸಿಕೊಂಡಿದ್ದು ಮಾತ್ರ ಎರಡಕ್ಕೂ ಒಂದೇ ಥರ."

ಕ್ಯಾನು ಸ್ಟೋರಿಗೆ ವಾಪಸ್ ಹೋಯಿತು. ತಂಗಿ ಕೆಸರು ಬಳಿಯಲು ಕೂತಳು.

ಮರುದಿನ ಬೆಳಗ್ಗೆ ಬುಟ್ಟಿ ತುಂಬಿಸಿಕೊಂಡು ಗರಿಕಕ್ಕ ಗೋಡೆಯ ಹತ್ತಿರ ಬರುವಷ್ಟರಲ್ಲಿ ಆಚೆಯಿಂದ ಅದೇ ಗಂಟಲು ಕೇಳಿತು.

"ಅಕ್ಕಾ!"

ಅಭ್ಯಾಸಬಲದಿಂದ ಅವಳ ಹೆಗಲು ಕುಗ್ಗಿತು. ಬಗ್ಗಿ ನೋಡಿದರೆ, ತಂಗಿ ಇಳಿಜಾರು ಹತ್ತಿ ಗೋಡೆಯ ಬುಡಕ್ಕೇ ಬಂದು ಮಡಿಲೊಡ್ಡಿ ನಿಂತಿದ್ದಳು. ಹಿಂದೆ ಬೋಳು ಪಟ್ಟಿಯ ಉದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ಕುಳಿ ತೋಡಿಟ್ಟಿದ್ದಳು.

"ಎಷ್ಟು ಹೊತ್ತಿಂದ ಕಾಯ್ತಿದೀನಿ ಗೊತ್ತಾ? ಹಾಕು."

ಗರಿಕಕ್ಕ ಬುಟ್ಟಿಯನ್ನು ಬೋರಲು ಹಾಕಲಿಲ್ಲ. ಹಿಡಿ ಹಿಡಿಯಾಗಿ ತೆಗೆದು, ಒಂದು ಎಳೆಯೂ ಆಚೀಚೆ ಬೀಳದಂತೆ ತಂಗಿಯ ಮಡಿಲಿಗೆ ಹಾಕಿದಳು.