ಅಪ್ಪಾ, ಖಬರ?

ಇಚಲಕರಂಜಿ ಪಕ್ಕದ ಕಬನೂರಿನ ಸಾತಪ್ಪ ಹೋದ ಬುಧವಾರ ಬೆಳಿಗ್ಗೆ ತೀರಿಕೊಂಡ. ಮಗ್ಗದ ಶೆಡ್ಡಿನ ಹೊರಗೆ, ಕಂಪೌಂಡ್ ಗೋಡೆಗೆ ಒರಗಿ ಕುಳಿತಲ್ಲೇ ಜೀವ ಹೋಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು.

ಮಗಳು ವೃಷಾಲಿ ಗಡಹಿಂಗ್ಲಜದಿಂದ ಮಧ್ಯಾಹ್ನದ ಬಸ್ಸಿಗೆ ಬಂದಳು. ಅಳಲಿಲ್ಲ. ಶೆಡ್ಡಿನ ಮಗ್ಗಗಳ ರಿಪೇರಿ ನೋಡಿಕೊಳ್ಳುವ ಜಾಬರ್ ಸಮ್ಮೇದನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಪ್ಪನ ವಿಡಿಯೋ ನಿನ್ನೆ ಸಂಜೀಕನ ನೋಡೇನಿ ಕಾಕಾ. ಚೊಲೋ ಮಾಡಿ ಏನರ ಕಳಸೂಣು, ಮುಂಜಾನೆ ಕಳಸೂಣು ಅಂತ ಬಿಟ್ಟೆ." ಆಮೇಲೆ ಕೇಳಿದಳು: "ಕಡೀಕ ಏನ ಮಾಡಾಕತ್ತಿದ್ದ?"

ಮಗ್ಗಗಳ ಸಂದಿನಲ್ಲಿ ಅರ್ಧ ಆಯುಷ್ಯ ಸವೆಸಿದ ಮನುಷ್ಯ ಸಾತಪ್ಪ. ರಾಯಬಾಗದ ಕಡೆಯಿಂದ ಇಚಲಕರಂಜಿಗೆ ಬಂದಾಗ ಮೀಸೆ ಚಿಗುರುತ್ತಿತ್ತು. ಊರಲ್ಲಿ ಭಜನೆಯವರ ಜೊತೆ ತಬಲಾ ಬಾರಿಸುತ್ತಿದ್ದವನು. ಇಲ್ಲಿ ಆ ಕೈ ಲಾಳಿ ಬದಲಿಸುವುದನ್ನು, ಎಳೆ ಗಂಟು ಹಾಕುವುದನ್ನು ಕಲಿಯಿತು. ಕಿವಿ ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಬಿತ್ತು. ಶೆಡ್ಡಿನೊಳಗೆ ಅದೇನೂ ಕೊರತೆಯಲ್ಲ, ಅಲ್ಲಿ ಎಲ್ಲರೂ ಮಾತಾಡುವುದು ತುಟಿಯಿಂದ, ಕೈಸನ್ನೆಯಿಂದ. ಹೊರಗೆ ಬಂದರೆ ಅವನು ಕಿವುಡ. ಫೋನಿನಲ್ಲಿ ಮಾತಾಡುವುದಂತೂ ಎಂದೋ ಬಿಟ್ಟಿದ್ದ.

ಹೆಂಡತಿ ಹೋದ ಮೇಲೆ ಮನೆಯಲ್ಲಿ ಅವನಿಗೆ ಕೇಳುವ ದನಿ ಒಂದೇ ಉಳಿದಿತ್ತು. ವೃಷಾಲಿ ಅವನೆದುರು ಬಂದು ನಿಂತು, ಒಂದೊಂದು ಮಾತಿಗೂ ತುಟಿ ಬಿಡಿಸಿ ಆಡುತ್ತಿದ್ದಳು. ಅವಳು ಬೆನ್ನು ಮಾಡಿ ಆಡಿದ್ದೆಲ್ಲ ಅವನ ಪಾಲಿಗೆ ಆಡದ ಮಾತು.

ಅಂಥ ಹುಡುಗಿ ಒಂದು ದಿನ ಮಾಳಿಗೆಯ ಮೇಲೆ, ಒಣಹಾಕಿದ ಸೀರೆಗಳ ನಡುವೆ ಕುಣಿದು ಮೊಬೈಲಿನಲ್ಲಿ ಹಾಕಿದಳು. ಹಾಡು ಇಂಡೋನೇಷ್ಯಾದ್ದು. ಅಲ್ಲಿನ ಮದುವೆ ಮಂಟಪಗಳಲ್ಲಿ ಹಾಡುವ ಡಾಂಗ್ಡುಟ್ ಎಂಬ ಬಗೆ, ತಬಲಾದಂಥ ವಾದ್ಯದ ಪೆಟ್ಟಿನ ಮೇಲೆ ನಡೆಯುವಂಥದ್ದು. ಸಾವಿರಾರು ಜನ ನೋಡಿದರು. ಅವರಲ್ಲಿ ಪಕ್ಕದ ಮಗ್ಗದ ಮಲ್ಲಾರಿಯೂ ಒಬ್ಬ.

"ಸಾತಪ್ಪಾ, ಮಗಳು ಹೀರೋಯಿನ್ ಆಗ್ಯಾಳ ಬಿಡೋ," ಎಂದು ಅವನು ತುಟಿ ಬಿಡಿಸಿ, ಸೊಂಟ ತಿರುಗಿಸಿ ತೋರಿಸಿದ. "ನೀ ಇನ್ನ ಮಗ್ಗ ಯಾಕ ಹೊಡೀತಿ?"

ಶೆಡ್ಡೆಲ್ಲ ನಕ್ಕದ್ದು ಸಾತಪ್ಪನಿಗೆ ಕೇಳಿಸಲಿಲ್ಲ, ಕಾಣಿಸಿತು. ಮನೆಗೆ ಹೋದವನೇ ಅವಳ ಫೋನನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಮರುದಿನ ಅವಳು ಗಡಹಿಂಗ್ಲಜಕ್ಕೆ, ಚಿಕ್ಕಮ್ಮ ನಾಗೂಬಾಯಿಯ ಮನೆಗೆ ಹೊರಟಳು. ಬಾಗಿಲಲ್ಲಿ ಬೆನ್ನು ಮಾಡಿಕೊಂಡೇ ಏನೋ ಅಂದಳು. ಅದೇನೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಕೆಲವು ತಿಂಗಳ ಮೇಲೆ ಸಾತಪ್ಪ ಒಂದು ಹಳೆಯ ಸ್ಮಾರ್ಟ್‌ಫೋನ್ ತಂದು ಸಮ್ಮೇದನ ಮುಂದೆ ಹಿಡಿದ. ಮಗಳನ್ನು ತೋರಿಸು ಎನ್ನಲಿಲ್ಲ. ಆ ಹಾಡು ಹುಡುಕಿಕೊಡು ಎಂದ. ಹುಡುಕಿದ ಮೇಲೆ ಫೋನೇ ಒಂದರ ಹಿಂದೆ ಒಂದು ಅಂಥವನ್ನು ತಂದು ಸುರಿಯತೊಡಗಿತು: ಪ್ಲಾಸ್ಟಿಕ್ ಕುರ್ಚಿಗಳು, ಶಾಮಿಯಾನಾ, ಜರಿಯ ಲಂಗದ ಹಾಡುಗಾರ್ತಿ, ಪಕ್ಕದಲ್ಲಿ ಬೆವರುತ್ತ ವಾದ್ಯ ಬಡಿಯುವವನು. ಸಾತಪ್ಪ ನೂಲು ಸುತ್ತಿದ ಕಾಂಡಿ ತುಂಬುವ ಖಾಲಿ ಡಬ್ಬದ ಮೇಲೆ ಫೋನು ಇಟ್ಟು, ಡಬ್ಬಕ್ಕೆ ಅಂಗೈ ಒತ್ತಿ ಹಿಡಿಯುತ್ತಿದ್ದ. ಪೆಟ್ಟು ಕೈಗೆ ಕೇಳಿಸುತ್ತಿತ್ತು. ಮಾತು ತಿಳಿಯದಿದ್ದರೂ ಬೇಸರವಿರಲಿಲ್ಲ. ಆ ಮಾತು ಕಬನೂರಿನಲ್ಲಿ ಯಾರಿಗೆ ತಾನೆ ತಿಳಿಯುತ್ತದೆ? ಅಲ್ಲಿ ಅವನೊಬ್ಬನೇ ಕಿವುಡನಲ್ಲ.

ಆ ಹಾಡುಗಾರ್ತಿಯರಲ್ಲೊಬ್ಬಳು ಶೆಡ್ಡಿನ ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ ಲೈವ್ ಬರುತ್ತಿದ್ದಳು. ಅಡುಗೆಮನೆಯಲ್ಲಿ ಬಾಳೆಹಣ್ಣು ಕರಿಯುತ್ತ ಹಾಡುವಳು. ವೃಷಾಲಿಯ ವಯಸ್ಸಿನವಳೇ. ಬಂದ ಕೂಡಲೇ ಮುಖ ಪರದೆಗೆ ತೀರ ಹತ್ತಿರ ತಂದು, ತುಟಿ ಬಿಡಿಸಿ ಒಂದು ಮಾತು ಅನ್ನುತ್ತಿದ್ದಳು. ಸಾತಪ್ಪ ಅವಳ ತುಟಿ ಓದಿದ. ಅಪ್ಪಾ, ಖಬರ? ಅಪ್ಪಾ, ಏನು ಸುದ್ದಿ?

ಅವಳ ಅಪ್ಪ ಎಲ್ಲೋ ದೂರ ದುಡಿಯಲು ಹೋಗಿರಬೇಕು, ದಿನಾ ಹೀಗೆ ಕರೆದು ವಿಚಾರಿಸುತ್ತಾಳೆ ಎಂದು ಅವನು ತನ್ನಷ್ಟಕ್ಕೆ ಕಥೆ ಕಟ್ಟಿಕೊಂಡ. ಅಪ್ಪ ಒಮ್ಮೆಯೂ ಉತ್ತರ ಕೊಟ್ಟದ್ದು ಕಾಣಲಿಲ್ಲ. ಅದಕ್ಕೆ ತಾನೇ ಕೊಡತೊಡಗಿದ. "ಆರಾಮ ಅದೇನವಾ," ಎನ್ನುವನು ರೊಟ್ಟಿ ಮುರಿಯುತ್ತ. ಕಿವುಡರ ದನಿ ಜೋರು. ಮಲ್ಲಾರಿ ನಕ್ಕು ಸುಸ್ತಾದ.

ಸಾಯುವ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಆ ಹುಡುಗಿಯ ಅಪ್ಪನ ವಿಷಯ ಸಾತಪ್ಪ ಸಮ್ಮೇದನ ಮುಂದೆ ತೆಗೆದ. ಎಂಥ ಕಟುಕನಿರಬೇಕು, ಮಗಳು ಇಷ್ಟು ಕರೆದರೂ ಒಂದು ಮಾತಿಲ್ಲವಲ್ಲ ಎಂದ. ಸಮ್ಮೇದ ಆ ಮಾತಿನ ಅರ್ಥ ಹುಡುಕಿ ನೋಡಿ ತಿಳಿಸಿದ. 'ಆಪಾ ಕಬಾರ್' ಎಂದರೆ ಆ ದೇಶದಲ್ಲಿ ಹೇಗಿದ್ದೀರಿ ಎಂದು. ಎಲ್ಲರಿಗೂ ಅನ್ನುತ್ತಾರೆ. ಕಬಾರ್ ಅಂದರೆ ನಮ್ಮ ಖಬರೇ. ಆಪಾ ಅಂದರೆ ಏನು ಎಂದಷ್ಟೇ. ಅದರಲ್ಲಿ ಯಾರ ಅಪ್ಪನೂ ಇಲ್ಲ.

ಸಾತಪ್ಪ ಬಹಳ ಹೊತ್ತು ಸಮ್ಮೇದನ ತುಟಿಯನ್ನೇ ನೋಡಿದ, ಇನ್ನೇನೋ ಬರುವುದಿದೆ ಎಂಬಂತೆ.

"ಖಬರ ಅನ್ನೂದು ಸರೀನ ಕೇಳೇನಲ್ರಿ," ಎಂದ ಕೊನೆಗೆ. "ಅಪ್ಪಾ ಅನ್ನೂದಷ್ಟ ನಾ ಹಚ್ಚಕೊಂಡಿದ್ದು."

ಆಮೇಲೆ ಕಾಂಡಿ ಡಬ್ಬವನ್ನು ಬೋರಲು ಹಾಕಿ ತೊಡೆಯ ನಡುವೆ ಇಟ್ಟುಕೊಂಡ. ಫೋನನ್ನು ಸಮ್ಮೇದನ ಕೈಗೆ ಕೊಟ್ಟು, ತನ್ನ ಮುಖ ಕಾಣುವ ಹಾಗೆ ಹಿಡಿಯಲು ಹೇಳಿದ. ವೃಷಾಲಿ ಕುಣಿದ ಆ ಹಾಡಿನ ಪೆಟ್ಟನ್ನು ಮೊದಲಿಂದ ಕೊನೆಯವರೆಗೆ ಬಾರಿಸಿದ. ಎಷ್ಟೋ ವರ್ಷ ತಬಲಾ ಮುಟ್ಟದ ಕೈ ಎರಡು ಕಡೆ ತಪ್ಪಿತು, ತಪ್ಪಿದಲ್ಲಿಂದಲೇ ಮತ್ತೆ ಹಿಡಿಯಿತು. ಮಲ್ಲಾರಿ ಈ ಸಲ ನಗಲಿಲ್ಲ. ಮುಗಿದ ಮೇಲೆ ಸಾತಪ್ಪ ಮುಖವನ್ನು ಫೋನಿಗೆ ತೀರ ಹತ್ತಿರ ತಂದು, ತುಟಿ ಬಿಡಿಸಿ ಅಂದ: "ವೃಷಾಲಿ, ಖಬರ?"

ನಾಗೂಬಾಯಿಯಿಂದ ಅವಳ ಹೊಸ ನಂಬರು ತರಿಸಿ ಕಳಿಸಿದರು. ಹೋಯಿತೇ ಎಂದು ಸನ್ನೆ ಮಾಡಿ ಕೇಳಿದ. ಹೋಯಿತು ಎಂದು ಸಮ್ಮೇದ ತಲೆಯಾಡಿಸಿದ. ಆ ಸಂಜೆ ಉತ್ತರ ಬರಲಿಲ್ಲ.

ಬುಧವಾರ ಬೆಳಿಗ್ಗೆ ಸಾತಪ್ಪ ಎಂದಿನಂತೆ ಬಂದು ತನ್ನ ಮಗ್ಗಗಳನ್ನು ಚಾಲೂ ಮಾಡಿದ. ಫೋನನ್ನು ಕಿಟಕಿಯಲ್ಲಿ ಇಡದೆ ಬನಿಯನ್ನಿನ ಒಳಜೇಬಿನಲ್ಲಿ ಇಟ್ಟುಕೊಂಡ. ಅದು ನಡುಗಿದರಷ್ಟೇ ಉತ್ತರ ಬಂದದ್ದು ಅವನಿಗೆ ತಿಳಿಯುವುದು. ಆದರೆ ಮಗ್ಗ ನಡೆಯುವಾಗ ನೆಲ, ಕಾಲು, ಎದೆ ಎಲ್ಲವೂ ನಡುಗುತ್ತವೆ. ಎರಡು ಸಲ ಜೇಬಿನಿಂದ ತೆಗೆದು ನೋಡಿದ. ಏನೂ ಇರಲಿಲ್ಲ.

ಆಗ ಅವನು ತನ್ನ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಮೈಯಲ್ಲಿ ಜ್ವರವಿದ್ದಾಗಲೂ ನಿಲ್ಲಿಸಿದವನಲ್ಲ. ಮಲ್ಲಾರಿ ಕೈ ತಿರುಗಿಸಿ ಏನಾಯಿತು ಎಂದು ಕೇಳಿದ. ಬಂದೆ ಎಂದು ಸಾತಪ್ಪ ಬೆರಳು ತೋರಿಸಿದ. ಹೊರಗಿನ ಕಟ್ಟೆಯ ಮೇಲೆ ಕುಳಿತು ನೋಡಿದ. ಅಲ್ಲಿಯೂ ಕಲ್ಲು ನಡುಗುತ್ತಿತ್ತು. ಎದ್ದು, ನೆಲ ಅಲುಗದ ಜಾಗ ಹುಡುಕುತ್ತ ಕಂಪೌಂಡ್ ಗೋಡೆಯವರೆಗೂ ಹೋದ. ಅಲ್ಲಿ ಗೋಡೆಗೆ ಒರಗಿ ಕುಳಿತು, ಫೋನನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರ ಮೇಲೆ ಬಲ ಅಂಗೈ ಮುಚ್ಚಿದ.